ಮೂರನೇ ಕೂಗು

ಮೇ 6

ಚೂಟಿ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಕಾಗದದ ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ಈ ಸಲ ಆ ಸಾಲು ಬಿಟ್ಟೇ ಶುರುಮಾಡಿದ್ದೇನೆ. ಅದರಿಂದಲೇ ಅರ್ಧ ವಿಷಯ ನಿನಗೆ ತಿಳಿದಿರಬೇಕು.

ನಿನ್ನಪ್ಪನ ಗಂಟಲಲ್ಲಿ ಗಡ್ಡೆ ಆಗಿದೆ. ಕ್ಯಾನ್ಸರ್. ನೀನು ಮನೆ ಬಿಟ್ಟ ಮೇಲೆ ಅವನ ವಿಷಯ ಬರೆಯಬೇಡಿ ಅಂದಿದ್ದೆ, ನಾನೂ ಇಷ್ಟು ವರ್ಷ ಬರೆಯಲಿಲ್ಲ. ಈಗಲೂ ನಿನ್ನನ್ನು ಬಾ ಎಂದು ಕರೆಯಲು ಬರೆಯುತ್ತಿಲ್ಲ. ನನಗೊಂದು ಪಾಠ ಬೇಕು, ಅಷ್ಟೇ.

ದೊಡ್ಡಾಸ್ಪತ್ರೆಯ ಡಾಕ್ಟರು ಹೊರಗಿನಿಂದ ಬಂದ ಹುಡುಗ. ಒಳ್ಳೆಯವರು, ಆದರೆ ನಮ್ಮ ಮಾತು ಒಂದಕ್ಷರ ಬರುವುದಿಲ್ಲ, ಬರೀ ಇಂಗ್ಲಿಷು. ಅವರು ಎರಡು ದಾರಿ ಹೇಳಿದ್ದಾರೆ. ಒಂದು, ಗಂಟಲಿಗೆ ಕಿರಣ ಕೊಡುವುದು. ಧ್ವನಿ ಉಳಿಯುತ್ತದೆ, ಆದರೆ ರೋಗ ಪೂರ್ತಿ ಹೋಗುತ್ತದೆನ್ನುವ ಭರವಸೆ ಕಮ್ಮಿ. ಇನ್ನೊಂದು, ಕತ್ತರಿ. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುವುದು. ಬದುಕುವ ಭರವಸೆ ಹೆಚ್ಚು, ಆದರೆ ಆಮೇಲೆ ಅವನು ಮಾತಾಡುವಂತಿಲ್ಲ. ಹರಾಜು ಕೂಗಿಯೇ ಬದುಕಿದವನಿಗೆ ಇಂಥ ಪ್ರಶ್ನೆ ಬಂದಿದೆ ನೋಡು.

ಇಷ್ಟು ವಿಷಯ ತಿಳಿಯಲು ನಾವು ನಾಲ್ಕು ಸಲ ಅಲೆದೆವು. ಮೊದಲ ಸಲ ನೆಲ ಒರೆಸುವ ಹೆಂಗಸು ಅರ್ಥ ಹೇಳಿದಳು. ಧ್ವನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದು ಅವಳ ಬಾಯಲ್ಲಿ "ಸ್ವಲ್ಪ ಗಂಟಲು ಕಟ್ಟುತ್ತಂತೆ" ಆಯಿತು. ನಾಲ್ಕನೇ ಸಲಕ್ಕೆ ನಿಜ ತಿಳಿದು ನಿನ್ನಪ್ಪ ಹೊರಗೆ ಬಂದವನೇ, "ಇನ್ಮೇಲೆ ನನ್ನ ಗಂಟಲು ಬೇರೆಯವರ ಬಾಯಲ್ಲಿ ಬೇಡ ಕಣಕ್ಕ, ನೀನೇ ಕಲ್ತ್ಕೋ" ಅಂದ.

ನೀನು ಸಂಜೆ ತರಗತಿಯಲ್ಲಿ ದುಡಿಯುವ ದೊಡ್ಡವರಿಗೆ ಇಂಗ್ಲಿಷು ಕಲಿಸುತ್ತೀಯೆಂದು ಗೊತ್ತು. ಹರಾಜಿನ ಕುರ್ಚಿಗಳಿಗೆ ಬೆತ್ತ ಹೆಣೆಯುವ ನಾನೂ ದುಡಿಯುವ ದೊಡ್ಡವಳೇ. ಹರಾಜಿಗೆ ಬಂದ ಪೆಟ್ಟಿಗೆಗಳ ತಳದಲ್ಲಿ ಹಾಸಿದ ಹಳೇ ಪೇಪರು ಓದಿ ಅಕ್ಷರ ಕಲಿತವಳು, ಇದನ್ನೂ ಕಲಿತೇನು. ಇದೋ ಅದೋ ಎನ್ನುವುದನ್ನು, ಎರಡರಲ್ಲಿ ಇದೇ ಬೇಕು ಎನ್ನುವುದನ್ನು ತಪ್ಪಿಲ್ಲದೆ ಹೇಳುವುದು ಹೇಗೆ? ಇಂಗ್ಲಿಷಿನ ಮಾತನ್ನು ನಮ್ಮ ಅಕ್ಷರದಲ್ಲೇ ಬರೆದು ಕಳಿಸು. ಫೋನು ಹರಾಜು ಅಂಗಡಿಯ ಮಾಲೀಕರ ಕೋಣೆಯಲ್ಲಿ ಬೀಗದೊಳಗಿದೆ. ಅದೂ ಅಲ್ಲದೆ ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ನಾನು ಅಳುತ್ತೇನೆಯೇ ಹೊರತು ವ್ಯಾಕರಣ ಕಲಿಯುವುದಿಲ್ಲ.

ನಿನ್ನ
ಅತ್ತೆ


ಮೇ 19

ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿತು. ಕೇಳಿದ ಪಾಠ ಬರೆದಿದ್ದೇನೆ.

ಎರಡರಲ್ಲಿ ಒಂದು ಎನ್ನಲು ಐದರ್ ಮತ್ತು ಆರ್ ಎಂಬ ಜೋಡಿ ಪದಗಳಿವೆ. ಐದರ್ ಮೊದಲನೆಯದರ ಮುಂದೆ, ಆರ್ ಎರಡನೆಯದರ ಮುಂದೆ. ಎರಡು ಕಡೆಯೂ ಒಂದೇ ಜಾತಿಯ ಪದ ಇರಬೇಕು. ಒಂದು ಕಡೆ ವಸ್ತುವಿನ ಹೆಸರಿಟ್ಟರೆ ಇನ್ನೊಂದು ಕಡೆಯೂ ಹೆಸರು, ಒಂದು ಕಡೆ ಕೆಲಸವಾದರೆ ಇನ್ನೊಂದು ಕಡೆಯೂ ಕೆಲಸ. ಒಂದು ಕಾಲು ಗಿಡ್ಡವಾದ ಕುರ್ಚಿಯನ್ನು ನೀವೇ ಹೊರಗೆ ಬಿಡುವುದಿಲ್ಲವಲ್ಲ, ಹಾಗೆ.

ಇದಕ್ಕಿಂತ ಅದು ವಾಸಿ ಎನ್ನಲು ವುಡ್ ರಾದರ್. ಬೇಡದ್ದರ ಮುಂದೆ ದ್ಯಾನ್ ಹಾಕಿ. ಪ್ರಿಫರ್ ಎಂದರೂ ಇಷ್ಟವನ್ನೇ ಹೇಳಿದಂತೆ, ಆದರೆ ಅದರ ಜೊತೆ ದ್ಯಾನ್ ಬರುವುದಿಲ್ಲ, ಟು ಬರುತ್ತದೆ. ಎಲ್ಲರೂ ಇಲ್ಲಿಯೇ ಎಡವುತ್ತಾರೆ.

ಯಾರ ಆಯ್ಕೆಯೋ ಅವರ ಹೆಸರಿನಿಂದ ವಾಕ್ಯ ಶುರುವಾಗಲಿ. ನಿಮ್ಮ ತಮ್ಮನ ಆಯ್ಕೆಯನ್ನು ಹೇಳುವಾಗ "ಐ" ಎನ್ನಬೇಡಿ, "ಮೈ ಬ್ರದರ್" ಎನ್ನಿ.

ಐದೈದು ವಾಕ್ಯ ಮಾಡಿ ಕಳಿಸಿ, ತಿದ್ದುತ್ತೇನೆ.

ಇತಿ,
ನಿಮ್ಮ ಸೋದರ ಸೊಸೆ

ನೀರು ನುಂಗುವಾಗ ಅವರಿಗೆ ನೋವಾಗುತ್ತದೆಯೇ?


ಜೂನ್ 2

ಚೂಟಿ,

ನೀರು ನುಂಗುತ್ತಾನೆ. ಬಿಸಿ ಆಗದು. ಚಹಾ ಆರುವವರೆಗೆ ಲೋಟವನ್ನು ಗುರಾಯಿಸಿಕೊಂಡು ಕೂರುತ್ತಾನೆ.

ನನ್ನ ವಾಕ್ಯಗಳು. ಐ ವುಡ್ ರಾದರ್ ವೀವ್ ಎ ಚೇರ್ ದ್ಯಾನ್ ವಾಷ್ ಎ ಪಾಟ್. ಇದು ಸತ್ಯ ಕೂಡ. ಐದರ್ ದಿ ಕ್ಯಾಟ್ ಆರ್ ಮೈ ಬ್ರದರ್ ಡ್ರ್ಯಾಂಕ್ ದಿ ಮಿಲ್ಕ್. ಇದರ ತನಿಖೆ ನಡೆಯುತ್ತಿದೆ. ಮೈ ಬ್ರದರ್ ಪ್ರಿಫರ್ಸ್ ಶೌಟಿಂಗ್ ಟು ಟಾಕಿಂಗ್. ಇದನ್ನು ಅವನಿಗೆ ಓದಿ ಅರ್ಥ ಹೇಳಿದೆ. "ವ್ಯಾಕರಣ ಸರಿ ಇದ್ಯೋ ಇಲ್ವೋ ನಂಗ್ಗೊತ್ತಿಲ್ಲ, ವಿಷ್ಯ ಮಾತ್ರ ಸರಿಯಾಗಿದೆ" ಅಂದ. ಆಮೇಲೆ ಗೋಡೆ ನೋಡುತ್ತ, "ಮೇಷ್ಟ್ರಮ್ಮ ಇನ್ನೇನು ಬರ್ದಿದಾಳೆ?" ಎಂದು ಕೇಳಿದ. ನೀರು ನುಂಗುವ ವಿಷಯ ಕೇಳಿದ್ದಾಳೆ ಅಂದೆ. ಎದ್ದು ಹೊರಗೆ ಹೋದ. ಹೋಗುವಾಗ ಬಾಗಿಲಲ್ಲಿದ್ದ ಅಂಟಿನ ಡಬ್ಬಿ ಎಡವಿದ. ನಾನು ಬೈಯಲಿಲ್ಲ.

ಕಳೆದ ವಾರ ಅವನು ಹರಾಜು ಕಟ್ಟೆ ಹತ್ತಿ ಕೂಗಿದ. ಖಾಲಿಯಾದ ಯಾವುದೋ ಮನೆಯ ಸಾಮಾನೆಲ್ಲ ಬಂದಿತ್ತು. ಮಂಚ, ನಿಲುವುಗನ್ನಡಿ, ನಾನೇ ಬೆತ್ತ ಹೆಣೆದು ಕೂರಿಸಿದ ಆರು ಕುರ್ಚಿ. ಧ್ವನಿ ಒಡೆದು ಗರಗಸದ ಹಾಗೆ ಬರುತ್ತಿತ್ತು. ಕುರ್ಚಿಗಳಿಗೆ ಇಬ್ಬರು ಒಂದೇ ಬೆಲೆಗೆ ನಿಂತರು. ಯಾರೂ ಮೇಲೇರಲಿಲ್ಲ. ಆಗ ಏನು ಮಾಡುತ್ತಾರೆಂದು ನಿನಗೆ ನೆನಪಿರಬೇಕು. ಸಾಮಾನಿನ ಒಡೆಯನ ಕಡೆ ತಿರುಗಿ "ಇವ್ರಿಗಾ, ಅವ್ರಿಗಾ?" ಎಂದು ಮೂರು ಸಲ ಕೂಗುವುದು. ಮೂರನೇ ಕೂಗಿಗೂ ಒಡೆಯ ಬಾಯಿ ಬಿಡದಿದ್ದರೆ ಕೊನೆಗೆ ಹೇಳಿದ ಹೆಸರಿಗೆ ಸುತ್ತಿಗೆ ಬಿತ್ತು ಎಂದೇ ಲೆಕ್ಕ. ಆ ಮನೆಯ ವಿಧವೆ ನೆಲ ನೋಡುತ್ತ ಕೂತಿದ್ದಳು. ಮೂರನೇ ಕೂಗು ನಿನ್ನಪ್ಪನ ಗಂಟಲಿನಿಂದ ಹೊರಡಲೇ ಇಲ್ಲ. ಬಾಯಿ ತೆರೆದಿತ್ತು, ಶಬ್ದವಿರಲಿಲ್ಲ. ಕೊನೆಗೆ ಸಾಮಾನು ಹೊರುವವರ ಮೇಸ್ತ್ರಿ ಅವನ ಬದಲು ಕೂಗಿದ. ಸುತ್ತಿಗೆಯನ್ನು ಮಾತ್ರ ಇವನೇ ಹೊಡೆದ.

ಹದಿನೈದಕ್ಕೆ ಡಾಕ್ಟರು ಬರಹೇಳಿದ್ದಾರೆ. ಅಂದು ತೀರ್ಮಾನ ಹೇಳಬೇಕು. ನೀನು ತಿದ್ದಿ ಕಳಿಸುವ ಹೊತ್ತಿಗೆ ಆ ದಿನ ಕಳೆದಿರುತ್ತದೆ. ಇದ್ದಷ್ಟು ಇಂಗ್ಲಿಷಿನಲ್ಲೇ ಹೋಗಿ ಬರುತ್ತೇವೆ. ಇವನೋ ಯಾವುದು ಬೇಕೆಂದು ಇನ್ನೂ ಬಾಯಿ ಬಿಟ್ಟಿಲ್ಲ. ಕೇಳಿದರೆ, "ಅಲ್ಲಿ ಹೇಳ್ತೀನಿ ಬಿಡು" ಅನ್ನುತ್ತಾನೆ.

ನಿನ್ನ
ಅತ್ತೆ


ಜೂನ್ 17

ಚೂಟಿ,

ನಿನ್ನ ಶಿಷ್ಯೆ ಪಾಸಾದಳು.

ಡಾಕ್ಟರ ಕೋಣೆಯಲ್ಲಿ ಒಂದು ಮೇಜು, ಮೂರು ಕಬ್ಬಿಣದ ಕುರ್ಚಿ, ಗೋಡೆಯ ಮೇಲೆ ಗಂಟಲನ್ನು ಉದ್ದಕ್ಕೆ ಸೀಳಿದ ಚಿತ್ರ. ಇವನು ಆ ಚಿತ್ರಕ್ಕೆ ಬೆನ್ನು ಹಾಕಿ ಕೂತ. ಹೊರಗೆ ಜನ ಬಾಗಿಲು ತಳ್ಳುತ್ತಿದ್ದರು. ಕಿರಣಕ್ಕೆ ರೇಸ್, ಕತ್ತರಿಗೆ ಸರ್ಜರಿ ಎಂದು ಉರುಹೊಡೆದಿದ್ದನ್ನು ಹೇಳಿದೆ. "ಐದರ್ ರೇಸ್ ಆರ್ ಸರ್ಜರಿ. ಐ ಆಸ್ಕ್ ಮೈ ಬ್ರದರ್." ಡಾಕ್ಟರು "ಸಾರಿ?" ಅಂದರು. ಇನ್ನೊಮ್ಮೆ ಹೇಳಿದೆ. ತಲೆ ಆಡಿಸಿ, ಕೇಳಿ ಕೇಳಿ ಎಂದು ಕೈ ತೋರಿಸಿದರು.

ಇವನ ಕಡೆ ತಿರುಗಿದೆ. "ಕಿರಣನಾ, ಕತ್ತರಿನಾ?" ಅಂದೆ. ಅವನು ನನ್ನ ಮುಖ ನೋಡಿದ. ಇನ್ನೊಂದು ಸಲ ಕೇಳಿದೆ. ಕುತ್ತಿಗೆಗೆ ಕೈ ಹಾಕಿಕೊಂಡ. ಡಾಕ್ಟರು ಗಡಿಯಾರ ನೋಡಿದರು, ಬಾಗಿಲು ಮತ್ತೆ ಅರ್ಧ ತೆರೆದು ಮುಚ್ಚಿತು. ಮೂರನೇ ಸಲವೂ ಕೇಳಿದೆ. ಮಾತಿಲ್ಲ. ಅವನಿಗೆ ಬಾಯಿಬಿಟ್ಟು ಹೇಳಲು ಕಷ್ಟ, ನಮ್ಮ ಕಟ್ಟೆಯ ಲೆಕ್ಕದಲ್ಲೇ ಹೇಳಿದ್ದಾನೆ ಎಂದುಕೊಂಡೆ. "ಮೈ ಬ್ರದರ್ ವುಡ್ ರಾದರ್ ಹ್ಯಾವ್ ಸರ್ಜರಿ" ಅಂದುಬಿಟ್ಟೆ. ಡಾಕ್ಟರು ಬರೆದುಕೊಂಡರು. ಇವನ ಮುಂದೆ ಕಾಗದ ಹಿಡಿದರು, ಇವನು ಸಹಿ ಹಾಕಿದ.

ದಾರಿಯಲ್ಲಿ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದ. ಆದರೆ ಮನೆಗೆ ಬಂದು ಹಳೇ ಕಂಬಳಿ ಹೊದ್ದು ಚೆನ್ನಾಗಿ ಮಲಗಿದ. ಬದುಕುವ ದಾರಿಯನ್ನೇ ಆರಿಸಿಕೊಂಡನಲ್ಲ ಎಂದು ನನಗೂ ಸಮಾಧಾನವಾಗಿದೆ. ಇದೇ ಇಪ್ಪತ್ತೇಳಕ್ಕೆ ಆಪರೇಷನ್ ಗೊತ್ತಾಗಿದೆ. ಮಾತಿಲ್ಲದ ತಮ್ಮನೂ ತಮ್ಮನೇ. ಇಷ್ಟು ವರ್ಷ ಕೂಗಿದ್ದು ಈ ಬೀದಿಗೆ ಸಾಕು.

ನಿನ್ನ ಹೆಮ್ಮೆಯ
ಅತ್ತೆ


ಜೂನ್ 23

ಅತ್ತೆ,

ಮಾಲೀಕರ ಫೋನಿಗೆ ಬೆಳಗಿನಿಂದ ಮಾಡುತ್ತಿದ್ದೇನೆ, ಯಾರೂ ಎತ್ತುತ್ತಿಲ್ಲ. ಆದ್ದರಿಂದ ಈ ಕಾಗದ. ಸಮಯಕ್ಕೆ ಮುಟ್ಟಲಿ.

ನಾನು ಮನೆ ಬಿಟ್ಟ ದಿನ ನೀವು ಹಿಂದಿನ ಶೆಡ್ಡಿನಲ್ಲಿದ್ದಿರಿ. ನಾನೇ ಜಗಳವಾಡಿ ಹೋದೆ ಎಂದು ನಿಮಗೆ ಅನ್ನಿಸಿರಬಹುದು. ಜಗಳವೇ ಆಗಲಿಲ್ಲ. ಕಲಿಸುವ ತರಬೇತಿಗೆ ಇಲ್ಲಿಂದ ಕರೆ ಬಂದಿತ್ತು. ಅಮ್ಮ ತೀರಿಹೋಗಿ ಇನ್ನೂ ವರ್ಷ ಆಗಿರಲಿಲ್ಲ. ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದರು. "ಈ ಮನೆನಾ, ಆ ಊರಾ?" ನಾನು ಸುಮ್ಮನಿದ್ದೆ. ಮತ್ತೆ ಕೇಳಿದರು. ಮೂರನೇ ಸಲ ಕೇಳಿ, "ಸರಿ, ಆ ಊರು" ಎಂದು ನನ್ನ ಟ್ರಂಕನ್ನು ತಾವೇ ಎತ್ತಿ ಹೊರಗಿಟ್ಟರು.

ನನ್ನ ಬಳಿ ಉತ್ತರವಿರಲಿಲ್ಲ ಅತ್ತೆ. ನಾನು ಹುಡುಕುತ್ತಿದ್ದೆ. ಒಂದು ಗಂಟೆ ಕೊಟ್ಟಿದ್ದರೆ, ಬಹುಶಃ ಒಂದು ರಾತ್ರಿ ಕೊಟ್ಟಿದ್ದರೆ ಯಾವುದಾದರೂ ಒಂದು ಹೇಳುತ್ತಿದ್ದೆ. ಬಾಯಿ ಬಿಡದವರು ಒಪ್ಪಿದರೆಂದು ಆ ಕಟ್ಟೆಗೆ ಯಾರು ಹೇಳಿಕೊಟ್ಟರೋ!

ಅವರನ್ನು ಮತ್ತೆ ಕೇಳಿ. ಕಿರಣವೋ ಕತ್ತರಿಯೋ ಎಂದು ಒಂದೇ ಸಲ ಕೇಳಿ ಸುಮ್ಮನೆ ಕೂತುಬಿಡಿ. ಎಷ್ಟು ಹೊತ್ತಾದರೂ ಕೂತಿರಿ. ಡಾಕ್ಟರಿಗೆ "ಹಿ ಹ್ಯಾಸ್ ನಾಟ್ ಡಿಸೈಡೆಡ್" ಎನ್ನಿ. ಅವರಿಗೆ ಅರ್ಥವಾಗುತ್ತದೆ.

ಚೂಟಿ


ಜುಲೈ 9

ಚೂಟಿ,

ನಿನ್ನ ಕಾಗದ ಇಪ್ಪತ್ತೆಂಟಕ್ಕೆ ಬಂತು. ಅಷ್ಟರಲ್ಲಿ ಆಗಿಹೋಗಿತ್ತು.

ಬರೆಯಬೇಕೆಂದು ಐದಾರು ಸಲ ಕೂತೆ. ಇವತ್ತು ಬರೆಯುತ್ತಿದ್ದೇನೆ.

ಅವನ ಕುತ್ತಿಗೆಯ ಬುಡದಲ್ಲಿ ಒಂದು ತೂತಿದೆ, ಉಸಿರು ಅಲ್ಲಿಂದ ಹೋಗಿ ಬರುತ್ತದೆ. ಕೆಮ್ಮು ಬಂದರೂ ಅಲ್ಲಿಂದಲೇ. ನಾನು ಹತ್ತಿ ಹಿಡಿದು ಒರೆಸುತ್ತೇನೆ. ಮೊದಲ ದಿನ ನಗಲು ಹೋದ. ಮುಖ ನಕ್ಕಿತು, ಶಬ್ದ ಬರಲಿಲ್ಲ. ಆಮೇಲೆ ನಕ್ಕಿಲ್ಲ. ಬರೆದು ತೋರಿಸಲು ಮೇಸ್ತ್ರಿ ಒಂದು ಕಟ್ಟು ರಟ್ಟಿನ ಚೀಟಿ ತಂದುಕೊಟ್ಟಿದ್ದಾನೆ, ಹರಾಜಿನ ಸಾಮಾನಿಗೆ ಕಟ್ಟುವಂಥವು. "ನೀರು", "ಕಿಟಕಿ ಮುಚ್ಚು", "ಮೇಸ್ತ್ರಿಗೆ ಬಾಯಿ ಮುಚ್ಚೋಕೆ ಹೇಳು", ಹೀಗೆ ಬರೆಯುತ್ತಾನೆ.

ಮನೆಗೆ ಬಂದ ಮೇಲೆ ನಿನ್ನ ಕಾಗದವನ್ನು ಅವನಿಗೆ ಓದಿದೆ. ಪೂರ್ತಿ ಓದಿದೆ, ಹೊಸ್ತಿಲ ವಿಷಯವನ್ನೂ ಬಿಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ. ಸಂಜೆ ದೀಪ ಹಚ್ಚಿದಾಗ ನಾನು ಅವನ ಮಂಚದ ಪಕ್ಕ ಕೂತು ಕೇಳಿದೆ. "ಅವತ್ತು ಡಾಕ್ಟ್ರ ಮುಂದೆ ನೀನು ಏನು ಹೇಳೋನಿದ್ದೆ? ಸುಳ್ಳು ಹೇಳ್ಬೇಡ, ನಾನು ತಡ್ಕೋತೀನಿ." ಕೇಳಿ ಸುಮ್ಮನೆ ಕೂತೆ. ನೀನು ಹೇಳಿದ ಹಾಗೆ.

ಬಹಳ ಹೊತ್ತಾದ ಮೇಲೆ ಬರೆದ. "ಕಿರಣ ಅನ್ನೋಣ ಅಂತಿದ್ದೆ. ಕಫ ಅಡ್ಡ ಬಂತು."

ಅಷ್ಟೇ ಚೂಟಿ. ಕುತ್ತಿಗೆಗೆ ಕೈ ಹಾಕಿದ್ದು ಅದಕ್ಕೆ. ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಮತ್ಯಾಕೆ ಸಹಿ ಹಾಕ್ದೆ? ಇಲ್ಲ ಅಂತ ತಲೆ ಆಡಿಸ್ಬೋದಿತ್ತಲ್ಲೋ, ಕೈ ಹಿಡೀಬೋದಿತ್ತಲ್ಲೋ!" ನಾನು ಕಿರುಚಿರಬೇಕು, ಪಕ್ಕದ ಕೋಣೆಯವರು ಬಾಗಿಲು ತೆಗೆದ ಸದ್ದಾಯಿತು. ಅವನು ಇನ್ನೊಂದು ಚೀಟಿ ತೆಗೆದುಕೊಂಡ. "ನೀನು ಹೇಳಿ ಆಗಿತ್ತು. ಸುತ್ತಿಗೆ ಬಿದ್ದ ಮೇಲೆ ನಾನು ಯಾವತ್ತಾದ್ರೂ ಸಾಮಾನು ವಾಪಸ್ ಕೇಳಿದೀನಾ?" ಅದರ ಕೆಳಗೆ ಸಣ್ಣದಾಗಿ, "ಅಳ್ಬೇಡ. ಹತ್ತಿ ಒದ್ದೆ ಆಗುತ್ತೆ" ಎಂದು ಬರೆದ.

ಈಗ ನಾವಿಬ್ಬರೂ ಸುಮ್ಮನಿರುತ್ತೇವೆ. ಅವನು ಮಾತಾಡಲಾರ. ನನಗೆ ಮಾತಾಡಲು ಧೈರ್ಯವಿಲ್ಲ. ಬೆತ್ತ ನೆನೆಸಿಟ್ಟಿದ್ದೇನೆ, ಮೂರು ಕುರ್ಚಿ ಬಾಕಿ ಇವೆ. ಕೈ ಏಳುತ್ತಿಲ್ಲ.

ನನಗೆ ಬೈದು ಬರೆಯುವುದಿದ್ದರೆ ಬರೆ. ಸುಮ್ಮನೆ ಮಾತ್ರ ಇರಬೇಡ.

ಅತ್ತೆ


ಆಗಸ್ಟ್ 3

ಅತ್ತೆ,

ಬೈಯಲು ಕೂತೆ. ಬರಲಿಲ್ಲ. ನೀವು ತಪ್ಪು ಮಾಡಲಿಲ್ಲ ಎಂದು ಬರೆಯಲೂ ಕೂತೆ. ಅದೂ ಬರಲಿಲ್ಲ.

ಕಳೆದ ಶನಿವಾರ ರೈಲಿಗೆ ಟಿಕೆಟ್ ತೆಗೆಸಿದೆ. ಸೋಮವಾರ ವಾಪಸ್ ಕೊಟ್ಟೆ. ಬಂದು ಏನು ಮಾತಾಡಲಿ? ನಾನು ಮಾತಾಡುತ್ತೇನೆ, ಅವರು ಚೀಟಿ ಬರೆಯುತ್ತಾರೆ. ಅವರೊಂದಿಗೆ ಆಡಬೇಕಿದ್ದ ಜಗಳವೊಂದನ್ನು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದೆ. ಎದುರಿಗೆ ಕೂಗುವವರು ಇಲ್ಲದೆ ಅದನ್ನು ಏನು ಮಾಡುವುದೋ ತಿಳಿಯುತ್ತಿಲ್ಲ.

ನೆನೆಸಿದ ಬೆತ್ತವನ್ನು ಹಾಗೇ ಬಿಡಬೇಡಿ, ಕೊಳೆಯುತ್ತದೆ. ಒಂದು ಕುರ್ಚಿಯಾದರೂ ಮುಗಿಸಿ.

ಅವರಿಗೆ ಬಿಸಿ ಕುಡಿಯಲು ಆಗುತ್ತದೆಯೇ ಈಗ?

ಚೂಟಿ


ಅಕ್ಟೋಬರ್ 21

ಚೂಟಿ,

ಬಿಸಿ ಕುಡಿಯುತ್ತಿದ್ದ, ಸೆಪ್ಟೆಂಬರ್ ಪೂರ್ತಿ ಚೆನ್ನಾಗಿಯೇ ಇದ್ದ. ಕುರ್ಚಿಗಳನ್ನು ಮುಗಿಸಿದೆ. ಅವನೇ ಎದುರು ಕೂತು ಬೆತ್ತದ ತುದಿ ಹಿಡಿದುಕೊಳ್ಳುತ್ತಿದ್ದ, ಬಿಗಿ ಸಾಲದಿದ್ದರೆ ಕಾಲಿನಿಂದ ನನ್ನ ಮಣೆ ಒದೆಯುತ್ತಿದ್ದ. ನಿನ್ನ ಕಾಗದಗಳನ್ನು ಮೇಲಿಂದ ಮೇಲೆ ಓದಿಸುತ್ತಿದ್ದ, ವ್ಯಾಕರಣದ್ದನ್ನೂ. ಇದನ್ನೆಲ್ಲ ಆಗಲೇ ಬರೆಯಬೇಕಿತ್ತು. ಒಳ್ಳೆಯ ಸುದ್ದಿ ಬರೆದು ಕೆಡಿಸಿಕೊಳ್ಳುವುದು ಬೇಡವೆಂದು ಇದ್ದೆ.

ಈ ತಿಂಗಳ ಮೊದಲಲ್ಲಿ ಕೆಮ್ಮಿನಲ್ಲಿ ರಕ್ತ ಬಂತು. ಎದೆಯ ಚಿತ್ರ ತೆಗೆದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಅದನ್ನು ತಿಳಿಯಲು ಇಂಗ್ಲಿಷು ಬೇಕಿರಲಿಲ್ಲ. ಕತ್ತರಿ ಹಾಕುವ ಮೊದಲೇ ರೋಗ ಅಲ್ಲಿಗೆ ಇಳಿದಿತ್ತಂತೆ, ಆಗ ಕಾಣುವಷ್ಟು ದೊಡ್ಡದಿರಲಿಲ್ಲವಂತೆ. ಯಾವ ದಾರಿ ಹಿಡಿದಿದ್ದರೂ ಇಲ್ಲಿಗೇ ಬರುತ್ತಿತ್ತಂತೆ. ನನಗೆ ತಿಳಿಯಲಿ, ಸಮಾಧಾನವಾಗಲಿ ಎಂದು ಇದನ್ನು ಸಣ್ಣ ಸಣ್ಣ ಮಾತಿನಲ್ಲಿ ಎರಡು ಸಲ ಹೇಳಿದರು. ಹಾಗಾದರೆ ಈ ತಿಂಗಳುಗಳನ್ನು ಅವನು ಮಾತಾಡಿಕೊಂಡೇ ಕಳೆಯಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಮೆಟ್ಟಿಲು ಇಳಿಯುವಾಗ.

ಅದಕ್ಕೆ ಮುಂಚೆ ಡಾಕ್ಟರು ಮತ್ತೆ ಎರಡು ದಾರಿ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ಮಲಗಿಸಿ ನರಕ್ಕೆ ಔಷಧಿ ಹನಿಸುವುದು, ಕೆಲವು ವಾರ ಹೆಚ್ಚು ಸಿಗಬಹುದು. ಇಲ್ಲವೇ ನೋವಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸುವುದು. ಈ ಸಲ ನಾನು ಅಲ್ಲಿ ಅವನನ್ನು ಕೇಳಲೇ ಇಲ್ಲ. "ಮೈ ಬ್ರದರ್ ನೀಡ್ಸ್ ಟೈಮ್" ಅಂದೆ. ಡಾಕ್ಟರು ಎಂದಿನಂತೆ "ಸಾರಿ?" ಅಂದರು. ಜೋರಾಗಿ ಇನ್ನೊಮ್ಮೆ ಅಂದೆ.

ಮನೆಗೆ ಬಂದು ಒಂದೇ ಸಲ ಕೇಳಿದೆ. ಆಮೇಲೆ ಬೆತ್ತ ಹಿಡಿದು ಕೂತೆ. ಅವನು ಆ ದಿನ ಏನೂ ಬರೆಯಲಿಲ್ಲ, ಮರುದಿನವೂ ಬರೆಯಲಿಲ್ಲ. ಕಟ್ಟೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದ. ಹೊಸದಾಗಿ ಕೂಗುವವನು ಪದ ನುಂಗುತ್ತಾನೆಂದು ಚೀಟಿಯಲ್ಲಿ ದೂರಿದ. ತನ್ನ ಅಂಗಿಗಳನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ನನ್ನ ನಾಲಿಗೆ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ! ಕಾಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮೊನ್ನೆ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದವನು ನೊರೆ ಮೆತ್ತಿದ ಕೈಯಲ್ಲೇ ಚೀಟಿ ಎಳೆದುಕೊಂಡು "ಮನೆ" ಎಂದು ಬರೆದ. ನಾನು ಮಾತಾಡಲಿಲ್ಲ, ಇನ್ನೇನಾದರೂ ಬರೆಯುತ್ತಾನೇನೋ ಎಂದು ನೋಡುತ್ತಲೇ ಇದ್ದೆ. ಅವನು ಕನ್ನಡಿಯಲ್ಲಿ ನನ್ನನ್ನು ಗಮನಿಸಿ ಮತ್ತೆ ಬರೆದ. "ಇನ್ನೂ ಯಾಕೆ ಕಾಯ್ತಿದೀಯ? ಮುಗೀತು ಕಣಕ್ಕ. ಮನೆ."

ನಿನ್ನೆ ಆಸ್ಪತ್ರೆಗೆ ಹೋದೆವು. ಬಾಗಿಲಲ್ಲಿ ಜನ ಇದ್ದರು, ಮೇಜಿನ ಮೇಲೆ ಕಾಗದದ ರಾಶಿ ಇತ್ತು. ನಾನು ನಿಂತುಕೊಂಡೇ ಹೇಳಿದೆ. "ಮೈ ಬ್ರದರ್ ವುಡ್ ರಾದರ್ ಬಿ ಅಟ್ ಹೋಮ್ ದ್ಯಾನ್ ಇನ್ ಹಾಸ್ಪಿಟಲ್." ನೀನು ಕಲಿಸಿದ ಹಾಗೆಯೇ, ಅವನ ಹೆಸರಿನಿಂದ ಶುರುಮಾಡಿ, ಬೇಡದ್ದನ್ನು ಕೊನೆಗಿಟ್ಟು.

ಡಾಕ್ಟರು ಪೆನ್ನು ಕೆಳಗಿಟ್ಟರು. ಇವನ ಮುಖ ನೋಡಿದರು, ಇವನು ತಲೆ ಆಡಿಸಿದ. ಎದ್ದು ಬಂದು ಇವನ ಭುಜದ ಮೇಲೆ ಕೈ ಇಟ್ಟರು. ನನ್ನ ಇಂಗ್ಲಿಷು ಒಂದೇ ಸಲಕ್ಕೆ ಒಬ್ಬರಿಗೆ ಅರ್ಥವಾದದ್ದು ಅದೇ ಮೊದಲು. "ಸಾರಿ?" ಎನ್ನಲಿ, ಇನ್ನೊಂದು ಸಲ ಕೇಳಲಿ, ಕೇಳುತ್ತಲೇ ಇರಲಿ ಎಂದು ಕಾದೆ. ಅವರು ಕೇಳಲಿಲ್ಲ. ಮಾತ್ರೆ ಬರೆದುಕೊಟ್ಟರು.

ಅವನ ಮಂಚವನ್ನು ಕಿಟಕಿಯ ಹತ್ತಿರ ಎಳೆದಿದ್ದೇವೆ. ನೋವು ಬಂದಾಗ ನನ್ನ ಕೈ ಹಿಸುಕುತ್ತಾನೆ, ಈಚೆಗೆ ಆ ಹಿಡಿತದಲ್ಲಿ ಬಲವಿಲ್ಲ. ಎಷ್ಟು ದಿನ ಎಂದು ಡಾಕ್ಟರನ್ನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಿನಗೆ ರಜೆ ಇದೆಯೋ ಇಲ್ಲವೋ, ಮನಸ್ಸಿದೆಯೋ ಇಲ್ಲವೋ, ಅದನ್ನು ಈ ಕಾಗದದಲ್ಲಿ ನಾನು ಕೇಳುತ್ತಿಲ್ಲ. ಕೇಳಿದರೆ ಯೋಚಿಸಲು ನಿನಗೆ ಹೊತ್ತು ಕೊಡಬೇಕಾಗುತ್ತದೆ. ಆ ಹೊತ್ತು ನಮ್ಮ ಹತ್ತಿರ ಇಲ್ಲ.

ಬಾ.

ನಿನ್ನ
ಅತ್ತೆ